ಜೋಳದ ಗುಮ್ಮಿಯಲ್ಲಿ ಸಿಕ್ಕ ಚಾಕು

ನನ್ನ ತಾಯಿ,

ಯೆಹೂದ್ಯರ ಮನೆಯ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ನೀನು ಇಸ್ರೇಲಿಗೆ ಹೋಗಿ ಇವತ್ತಿಗೆ ಹನ್ನೊಂದು ದಿನ. ದಿನಾ ಅವ್ವನಿಗೆ ಫೋನ್ ಮಾಡುತ್ತೀಯ. ಅವಳು ಸ್ಪೀಕರ್ ಹಾಕಿಕೊಂಡು ಮಾತಾಡುತ್ತಾಳೆ, ನನಗೂ ಕೇಳಿಸಲಿ ಅಂತ. ನಾನು ಮಗ್ಗ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ. ಅಪ್ಪ ಗುಳಿಗೆ ತಗೊಂಡ್ರಾ ಅಂತ ಎರಡು ಸಲ ಕೇಳಿದ್ದೀಯ. ಫೋನ್ ಅಪ್ಪನಿಗೆ ಕೊಡು ಅಂತ ಒಂದು ಸಲವೂ ಅಂದಿಲ್ಲ. ಇಲ್ಲಿ ಕೊಡು ಅಂತ ನಾನೂ ಕೈ ಚಾಚಲಿಲ್ಲ. ಈ ಹಟ ನಿನಗೆ ನನ್ನಿಂದಲೇ ಬಂದದ್ದು.

ಅದಕ್ಕೇ ಈ ಕಾಗದ. ನಿನ್ನ ತಮ್ಮ ಫೋಟೋ ತೆಗೆದು ಕಳಿಸುತ್ತಾನೆ. ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ.

ಆ ರಾತ್ರಿ ಪ್ರಾರ್ಥನೆ ಕೂಟದಲ್ಲಿ ನಡೆದದ್ದನ್ನು ಪೂರ್ತಿ ಬರೆಯೋದು ಬೇಡ, ನಿನಗೂ ನೆನಪಿದೆ. ನಮ್ಮ ಸ್ವಾಮಿಯನ್ನು ಕೊಂದವರ ಮನೆಗೆ ಕೆಲಸಕ್ಕೆ ಹೋಗ್ತಿದ್ದೀಯ ಅಂದೆ ನಾನು. ಯೇಸುಸ್ವಾಮಿನೇ ಯೆಹೂದ್ಯರ ಮನೇಲಿ ಹುಟ್ಟಿದವರು ಅಪ್ಪಾ ಅಂದೆ ನೀನು. ಸಭೆಯ ಹಿರಿಯರ ಮುಂದೆ ಎದುರು ಮಾತಾಡಿದಳು ಅಂತ ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅಲ್ಲಿಯ ಮುಸ್ಲಿಮರನ್ನೂ ನಂಬಬೇಡ ಅಂತ ಇನ್ನೊಂದು ಮಾತು ಸೇರಿಸಿದೆ. ಆಗ ಕಾಕಾ ನಮ್ಮ ಪಡಸಾಲೆಯಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೊಹರಂ ಹೆಜ್ಜೆ ಕುಣಿತ ತೋರಿಸಿದ ಕಾಕಾ. ನನ್ನ ನೂಲಿಗೆ ಮೂವತ್ತು ವರ್ಷ ಬಣ್ಣ ಹಾಕಿದವರು. ಬಸಿ ಕೆಳಗಿಟ್ಟು ಸುಮ್ನೆ ಎದ್ದು ಹೋದರು. ಬೆಳಿಗ್ಗೆ ನೀನು ರೈಲಿಗೆ ಬಾಗಲಕೋಟೆಗೆ ಹೊರಟಾಗ ನಾನು ಮಗ್ಗದ ಕುಣಿಯಿಂದ ಏಳಲಿಲ್ಲ. ನೀನು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ನನಗೆ ಗೊತ್ತಾಯಿತು. ಲಾಳಿ ಓಡಿಸುತ್ತಲೇ ಇದ್ದೆ. ಅವತ್ತು ನೇಯ್ದ ಖಣದಲ್ಲಿ ಮೂರು ಕಡೆ ಎಳೆ ತಪ್ಪಿದೆ. ಅದನ್ನು ಅಂಗಡಿಗೆ ಕೊಡದೆ ಇಟ್ಟುಕೊಂಡಿದ್ದೇನೆ.

ಕ್ಷಮಿಸು ತಾಯಿ. ಕೊನೆಗೆ ಬರೆಯೋಣ ಅಂದುಕೊಂಡಿದ್ದೆ. ಕೊನೆ ಮುಟ್ಟುವಷ್ಟರಲ್ಲಿ ಉಪದೇಶಕ್ಕೆ ಇಳಿದುಬಿಡುತ್ತೇನೆ ಅಂತ ಹೆದರಿ ಇಲ್ಲೇ ಬರೆದೆ.

ನೀನಂದದ್ದೇ ಸರಿ. ಯೇಸುಸ್ವಾಮಿಗೆ ಯೆಹೂದ್ಯರ ಪದ್ಧತಿಯಂತೆ ಎಂಟನೇ ದಿನ ಸುನ್ನತಿ ಆಯ್ತು ಅಂತ ಸುವಾರ್ತೆಯಲ್ಲಿ ಲೂಕನೇ ಬರೆದಿದ್ದಾನೆ. ಸಬ್ಬತ್ ದಿನ, ಅಂದರೆ ಯೆಹೂದ್ಯರ ಶನಿವಾರದ ವಿಶ್ರಾಂತಿ ದಿನ, ಅವರ ಸಭಾಮಂದಿರಕ್ಕೆ ಹೋಗಿ ಓದುತ್ತಿದ್ದರು. ನಾವು ತಿಂಗಳಿಗೊಮ್ಮೆ ತಗೊಳ್ಳುವ ರೊಟ್ಟಿ, ದ್ರಾಕ್ಷಾರಸ ಯೆಹೂದ್ಯರ ಪಸ್ಕ ಹಬ್ಬದ ಊಟದಿಂದ ಬಂದದ್ದು. ಶಿಲುಬೆಗೆ ಹಾಕುವುದು ರೋಮಿನವರ ಶಿಕ್ಷೆ, ಆಜ್ಞೆ ಕೊಟ್ಟ ಪಿಲಾತ ರೋಮಿನ ಅಧಿಕಾರಿ. ಇದನ್ನೆಲ್ಲ ನಾನೇ ಸಂಡೇ ಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಹೇಳಿಕೊಟ್ಟಿದ್ದೇನೆ. ಆದರೂ ಆ ಹಳೇ ಮಾತು ನನ್ನ ಬಾಯಲ್ಲೇ ಇತ್ತು. ಅದೇ ಮಾತನ್ನು ಹಿಡಿದು ಯೂರೋಪಿನಲ್ಲಿ ಎಷ್ಟೋ ನೂರು ವರ್ಷ ಯೆಹೂದ್ಯರನ್ನು ಹೊಡೆದರು, ಊರು ಬಿಡಿಸಿದರು, ಕೊಂದರು. ಕಥೋಲಿಕರ ದೊಡ್ಡ ಸಭೆ 1965ರಲ್ಲಿ ಈ ಆರೋಪ ಸರಿಯಲ್ಲ ಅಂತ ಬರೆದು ಹೇಳಿತು. ನಾನು ಈ ವರ್ಷ ಕಲಿತೆ, ಅದೂ ಮಗಳ ಕಣ್ಣಲ್ಲಿ ನೀರು ತರಿಸಿ. ನೀನು ನೋಡಿಕೊಳ್ಳುವ ಅಜ್ಜಿಗೆ 84 ವರ್ಷ ಅಂದೆಯಲ್ಲ? ಹಾಗಾದರೆ ಅವರು ಹುಟ್ಟಿದ್ದು ಹಿಟ್ಲರನ ಕಾಲದಲ್ಲಿ. ಆಗ 60 ಲಕ್ಷ ಯೆಹೂದ್ಯರನ್ನು ಕೊಂದರು. ಅವರು ಎಲ್ಲಿ ಹುಟ್ಟಿದರು, ಯಾರನ್ನು ಕಳಕೊಂಡರು ಅಂತ ನೀನಾಗಿ ಕೇಳಬೇಡ. ಅವರಾಗೇ ಹೇಳಿದರೆ ಕೂತು ಕೇಳು.

ನೋಡು, ಉಪದೇಶ ಶುರುವಾಯ್ತು.

ನಾನು ಹೇಳಬೇಕಾದದ್ದು ಬೇರೆ. ನಿನಗೆ ಎಂಟು ವರ್ಷ. ಮೇ ತಿಂಗಳು, ಬೇಸಿಗೆ ರಜೆಯ ಬೈಬಲ್ ಶಾಲೆ. ನಮ್ಮ ಸಭೆಯ ಗುಡಿಯ ಹಿಂದಿನ ಬೇವಿನ ಗಿಡದ ಕೆಳಗೆ ಮಕ್ಕಳನ್ನು ಕೂರಿಸಿಕೊಂಡು ಆದಿಕಾಂಡ 22ನೇ ಅಧ್ಯಾಯ ಹೇಳುತ್ತಿದ್ದೆ. ಅಬ್ರಹಾಮ ಮಗನನ್ನು ಬಲಿ ಕೊಡಲು ಕರಕೊಂಡು ಹೋದ ಕಥೆ. ನನಗೆ ಕಥೆ ಹೇಳುವ ಹುಚ್ಚು. ಸೌದೆ ಅಂತ ನಾಲ್ಕು ಕಟ್ಟಿಗೆ ಕಟ್ಟಿ ಒಬ್ಬ ಹುಡುಗನ ಬೆನ್ನ ಮೇಲೆ ಹೊರಿಸಿದ್ದೆ. ಚಾಕು ಬೇಕಲ್ಲ ಅಂತ ಮಗ್ಗದ ಚಾಕು ತಂದಿದ್ದೆ, ಖಣ ಕತ್ತರಿಸುವ ಸಣ್ಣ ಚಾಕು, ಮರದ ಹಿಡಿಯದು. ಅದನ್ನು ಎತ್ತಿ ಹಿಡಿದು ತೋರಿಸಿದೆ. ನೀನು ಮುಂದಿನ ಸಾಲಿನಲ್ಲೇ ಇದ್ದೆ. ಎದ್ದು ನಿಂತು ಕೇಳಿದೆ, ಅಪ್ಪಾ, ದೇವರು ಕೇಳಿದ್ರೆ ನನ್ನನ್ನೂ ಕೊಡ್ತೀಯಾ?

ಮೂವತ್ತು ಮಕ್ಕಳು, ಇಬ್ಬರು ಟೀಚರು, ಬಾಗಿಲ ಹತ್ತಿರ ಪಾದ್ರಿಗಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ದೇವರು ಕೇಳಿದರೆ ಕೊಡಲೇಬೇಕಲ್ವಾ ಅವ್ವಾ ಅಂದೆ ನಾನು. ಟೀಚರು ಆಮೆನ್ ಅಂದರು. ನೀನು ಕೂತೆ. ಮತ್ತೇನೂ ಕೇಳಲಿಲ್ಲ.

ಆ ರಾತ್ರಿ ದಿಂಬು ತಗೊಂಡು ನಮ್ಮನೆ ಅಜ್ಜಿಯ ಹತ್ತಿರ ಮಲಗಲು ಹೋದೆ. ಎಂಟು ದಿನ ನನ್ನ ಹತ್ತಿರ ಬರಲಿಲ್ಲ. ಹುಡುಗರ ಆಟ ಅಂತ ನಾನು ಗಮನ ಕೊಡಲಿಲ್ಲ. ಅದೇ ವಾರ ಮಗ್ಗದ ಚಾಕು ಕಾಣೆಯಾಯ್ತು. ಹುಡುಕಿ ಸಿಗದೆ ಹೊಸದು ತಂದೆ. ದೀಪಾವಳಿ ಆದ ಮೇಲೆ ಅಜ್ಜಿ ಜೋಳ ತೆಗೆಯಲು ಗುಮ್ಮಿಗೆ ಕೈ ಹಾಕಿದಾಗ ಕಾಳಿನ ತಳದಲ್ಲಿ ಅದು ಸಿಕ್ಕಿತು. ನಿನ್ನ ಕೆಂಪು ರಿಬ್ಬನ್ ಸುತ್ತಿದ್ದೆ. ಒಂದು ಸುತ್ತಲ್ಲ, ಬ್ಲೇಡು ಒಂದಿಷ್ಟೂ ಕಾಣದ ಹಾಗೆ ಸುತ್ತಿ ಮೂರು ಗಂಟು ಹಾಕಿದ್ದೆ. ಅಜ್ಜಿ ಅದನ್ನು ನನ್ನ ಕೈಯಲ್ಲಿ ಇಟ್ಟಳು. ಏನೂ ಅನ್ನಲಿಲ್ಲ. ಮುಖ ನೋಡಿದಳು ಅಷ್ಟೇ.

ನಾನು ರಿಬ್ಬನ್ ಬಿಚ್ಚಲಿಲ್ಲ ತಾಯಿ. ಹಾಗೇ ಟ್ರಂಕಿನಲ್ಲಿ ಇಟ್ಟೆ. ಆ ಮಾತು ನಿನ್ನ ಹತ್ತಿರ ಯಾವತ್ತೂ ಎತ್ತಲಿಲ್ಲ. ಹತ್ತೊಂಬತ್ತು ವರ್ಷ ಆಯ್ತು. ನಿನಗೆ ಅದು ನೆನಪಿದೆಯೋ ಇಲ್ಲವೋ. ನನಗೆ ಈ ಹನ್ನೊಂದು ದಿನದಲ್ಲಿ ಹನ್ನೊಂದು ರಾತ್ರಿಯೂ ನೆನಪಾಗಿದೆ.

ನೀನು ಹೋದ ನಾಲ್ಕನೇ ದಿನ ಕಾಕಾ ಮನೆಗೆ ಹೋದೆ. ತಪ್ಪಾಯ್ತು ಅಂದೆ. ಆಯ್ತು ಕೂತ್ಕೋ ಅಂದರು. ಚಹಾ ಬಂತು. ಇಬ್ಬರಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲ. ಕೊನೆಗೆ ನಾನು ಈ ಚಾಕುವಿನ ವಿಷಯ ಹೇಳಿದೆ. ಯಾರಿಗೂ ಹೇಳಿರದಿದ್ದದ್ದು. ಅವರು ಎದ್ದು ಒಳಗೆ ಹೋಗಿ ಕನ್ನಡ ಕುರ್‌ಆನ್ ತಂದರು. ವಜೂ ಮಾಡಿ, ಅಂದರೆ ಕೈಕಾಲು ಮುಖ ತೊಳೆದು ಬಂದು, ಕನ್ನಡಕ ಹಾಕಿಕೊಂಡು 37ನೇ ಅಧ್ಯಾಯ ತೆಗೆದರು. ಅಲ್ಲೂ ಅದೇ ಅಬ್ರಹಾಮ, ಇಬ್ರಾಹಿಂ. ಅದೇ ಮಗ, ಅದೇ ಬಲಿ, ಕೊನೆಗೆ ಮಗನ ಬದಲು ಬೇರೆ ಬಲಿ. ಆದರೆ ನಡುವೆ ಒಂದು ಮಾತು ಇದೆ. ಚಾಕು ಎತ್ತುವ ಮೊದಲು ತಂದೆ ಮಗನಿಗೆ ಹೇಳುತ್ತಾನೆ, ನಿನ್ನನ್ನು ಬಲಿ ಕೊಡುತ್ತಿರುವ ಹಾಗೆ ಕನಸು ಕಂಡೆ, ನಿನಗೇನನ್ನಿಸುತ್ತದೆ ಅಂತ. ಮಗ ಹೇಳುತ್ತಾನೆ, ನಿಮಗೆ ಆಜ್ಞೆ ಆದ ಹಾಗೆ ಮಾಡಿ, ನಾನು ತಾಳಿಕೊಳ್ಳುತ್ತೇನೆ ಅಂತ.

ನಾನು ಇನ್ನೊಂದು ಸಲ ಓದಿ ಅಂದೆ. ಕಾಕಾ ಓದಿದರು. ಮತ್ತೊಂದು ಸಲ ಅಂದೆ.

ಆ ತಂದೆ ಕೇಳಿದ. ನಮ್ಮ ಆದಿಕಾಂಡದಲ್ಲಿ ಅಬ್ರಹಾಮ ಮೂರು ದಿನ ನಡೆದ, ಮಗನಿಗೆ ಏನೂ ಹೇಳಲಿಲ್ಲ. ಸೌದೆ ಹೊರಿಸಿದ, ಬೆಂಕಿ ಮತ್ತು ಚಾಕು ತಾನು ಹಿಡಿದ. ಕೇಳಿದವನು ಇಸಾಕನೇ, ಬೆಂಕಿ ಇದೆ, ಸೌದೆ ಇದೆ, ಬಲಿಗೆ ಕುರಿಮರಿ ಎಲ್ಲಿ ಅಂತ. ದೇವರೇ ಒದಗಿಸಿಕೊಡುವನು ಅಂತ ತಂದೆ ಹೇಳಿದ. ಆ ಅಧ್ಯಾಯದ ಕೊನೆ ನಾನು ನೂರು ಸಲ ಓದಿದ್ದೇನೆ, ಈಗ ಕಂಡಿತು ನೋಡು. ಅಬ್ರಹಾಮ ತನ್ನ ಸೇವಕರ ಹತ್ತಿರ ವಾಪಸ್ ಬಂದ ಅಂತ ಇದೆ. ಇಸಾಕ ಬಂದ ಅಂತ ಬರೆದೇ ಇಲ್ಲ. ಬೆಟ್ಟದಿಂದ ಇಳಿದ ಮೇಲೆ ಆ ತಂದೆ ಮಗ ಒಬ್ಬರಿಗೊಬ್ಬರು ಮಾತಾಡಿದ್ದು ಬೈಬಲಿನಲ್ಲಿ ಎಲ್ಲೂ ಸಿಗುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ತಾಯಿ ಸಾರ ಸಾಯುತ್ತಾಳೆ. ಮಗನಿಗೆ ಏನಾಗಲಿತ್ತು ಅಂತ ತಿಳಿದೇ ಸಾರಳ ಜೀವ ಹೋಯ್ತು ಅಂತ ಯೆಹೂದ್ಯರ ಹಿರಿಯರು ಅರ್ಥ ಹೇಳಿದ್ದಾರಂತೆ. ಅವಳನ್ನೂ ಯಾರೂ ಕೇಳಿರಲಿಲ್ಲ. ಇದನ್ನು ನಿನ್ನ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯೋದು ನಿಲ್ಲಿಸಿ, ನನ್ನನ್ನೂ ಯಾರೂ ಕೇಳಲಿಲ್ಲ ಅಂದಳು. ಮತ್ತೆ ಬಡಿಯೋಕೆ ಶುರು ಮಾಡಿದಳು.

ಒಂದೇ ಕಥೆ ಮೂರು ಮನೆಯಲ್ಲಿದೆ. ನಾವು ಅದರಲ್ಲಿ ಶಿಲುಬೆಯ ನೆರಳು ನೋಡುತ್ತೇವೆ, ಸೌದೆ ಹೊತ್ತ ಮಗ ಅಂದರೆ ಶಿಲುಬೆ ಹೊತ್ತ ಯೇಸು. ಯೆಹೂದ್ಯರು ಅದನ್ನು ಅಕೇದಾ ಅನ್ನುತ್ತಾರೆ, ಕಟ್ಟಿಹಾಕಿದ್ದು ಅಂತ ಅರ್ಥ. ಕಟ್ಟಿದ್ದು ನಿಜ, ಕೊಲ್ಲಲಿಲ್ಲವಲ್ಲ. ಅವರ ಹೊಸ ವರ್ಷದ ಹಬ್ಬದಲ್ಲಿ ಅದನ್ನು ಓದುತ್ತಾರೆ, ಟಗರಿನ ಕೊಂಬು ಊದುತ್ತಾರೆ. ಕಾಕಾನವರಿಗೆ ಅದೇ ಬಕ್ರೀದ್. ಆ ಮಗ ಯಾರು ಅಂತ ಕುರ್‌ಆನಿನ ಆ ಭಾಗದಲ್ಲಿ ಹೆಸರಿಲ್ಲ. ಇಸ್ಮಾಯಿಲ್ ಅಂತ ಹೆಚ್ಚಿನ ಮುಸ್ಲಿಮರ ನಂಬಿಕೆ. ನಮಗೂ ಯೆಹೂದ್ಯರಿಗೂ ಇಸಾಕ. ಕಾಕಾ ಮನೆಯಿಂದ ಪ್ರತಿ ಬಕ್ರೀದಿಗೆ ಬರುವ ಮಟನ್ ನೀನು ಚಿಕ್ಕವಳಿದ್ದಾಗ ಮುಟ್ಟುತ್ತಿರಲಿಲ್ಲ. ಯಾಕೆ ಅಂತ ಈಗ ಗೊತ್ತಾಗುತ್ತಿದೆ.

ಇನ್ನೊಂದು ಹೇಳಬೇಕು. ನಿನಗೆ ಟೈಫಾಯಿಡ್ ಆದಾಗ ಕಾಕಾ ಹಜ್‌ನಿಂದ ತಂದ ಜಮ್‌ಜಮ್ ನೀರು ಕುಡಿಸಿದರು. ನಾನು ಬೇಡ ಅನ್ನಲಿಲ್ಲ, ಆದರೆ ಅದೇನು ನೀರು ಅಂತ ನಿನಗೆ ಹೇಳಿಕೊಡಲೂ ಇಲ್ಲ. ಆದಿಕಾಂಡ 21ರಲ್ಲಿ ಅಬ್ರಹಾಮನ ಮನೆಯ ದಾಸಿ ಹಾಗರಳನ್ನೂ ಅವನಿಂದ ಅವಳಿಗೆ ಹುಟ್ಟಿದ ಇಷ್ಮಾಯೇಲನನ್ನೂ (ಇಸ್ಮಾಯಿಲ್ ಅಂದರೆ ಇವನೇ) ಮನೆಯಿಂದ ಹೊರಗೆ ಕಳಿಸುತ್ತಾರಲ್ಲ. ತಿತ್ತಿಯ ನೀರು ಮುಗಿದು, ಮಗನನ್ನು ಗಿಡದ ಕೆಳಗೆ ಬಿಟ್ಟು, ಅವನು ಸಾಯೋದನ್ನು ನೋಡಲಾರೆ ಅಂತ ಬಾಣ ಬಿದ್ದಷ್ಟು ದೂರ ಹೋಗಿ ಕೂತು ಅಳುತ್ತಾಳೆ. ಆಗ ದೇವರು ಬಾವಿ ತೋರಿಸುತ್ತಾನೆ. ಮುಸ್ಲಿಮರು ಹೇಳುವ ಕಥೆಯಲ್ಲಿ ಆ ತಾಯಿ ಕೂರುವುದಿಲ್ಲ. ಸಫಾ, ಮರ್ವಾ ಅನ್ನುವ ಎರಡು ಗುಡ್ಡಗಳ ನಡುವೆ ನೀರಿಗಾಗಿ ಏಳು ಸಲ ಓಡುತ್ತಾಳೆ. ಹಜ್‌ಗೆ ಹೋದವರೆಲ್ಲ, ದೊಡ್ಡ ಸಾಹುಕಾರನಾದರೂ, ಆ ದಾಸಿ ಹೆಂಗಸು ನಡೆದ ದಾರಿಯಲ್ಲೇ ಏಳು ಸಲ ನಡೆಯಬೇಕು. ಅವಳಿಗೆ ಸಿಕ್ಕ ನೀರೇ ಜಮ್‌ಜಮ್ ಅಂತ ಅವರ ನಂಬಿಕೆ. ನೀನು ಕುಡಿದದ್ದು ನಮ್ಮ ಬೈಬಲಿನ ಹಾಗರಳ ಬಾವಿಯ ನೀರು. ಇಷ್ಟು ಹೇಳಿಕೊಡಲು ನನಗೆ ಯಾಕೆ ಆಗಲಿಲ್ಲ?

ಮೂರೂ ಒಂದೇ ಅಂತ ಮಾತ್ರ ಯಾರ ಹತ್ತಿರವೂ ಹೇಳಬೇಡ. ಒಂದೇ ಅಲ್ಲ. ಕಾಕಾ ಕೂಡ ಅದನ್ನೇ ಅಂದರು. ಒಂದೇ ಅಂದುಬಿಟ್ಟರೆ ನಿನ್ನ ನಂಬಿಕೆಗೂ ನಾನು ಮರ್ಯಾದೆ ಕೊಟ್ಟ ಹಾಗಲ್ಲ ಅಂದರು. ದೇವರು ಒಬ್ಬನೇ ಅನ್ನುವುದರಲ್ಲಿ ಮೂವರೂ ಗಟ್ಟಿ. ನೀನು ನೋಡಿಕೊಳ್ಳುವ ಅಜ್ಜಿಯ ಮನೆ ಬಾಗಿಲ ಚೌಕಟ್ಟಿಗೆ ಸಣ್ಣ ಡಬ್ಬಿ ಹೊಡೆದಿದ್ದಾರೆ, ಒಳಗೆ ಹೋಗುವಾಗ ಮುಟ್ಟಿ ಮುತ್ತಿಡುತ್ತಾರೆ ಅಂತ ಅವ್ವನಿಗೆ ಹೇಳಿದೆಯಲ್ಲ? ಅದಕ್ಕೆ ಮೆಜೂಜಾ ಅನ್ನುತ್ತಾರೆ. ಒಳಗೆ ಚರ್ಮದ ಹಾಳೆಯ ಮೇಲೆ ಧರ್ಮೋಪದೇಶಕಾಂಡ 6ನೇ ಅಧ್ಯಾಯದ ಮಾತು ಇರುತ್ತದೆ. ಇಸ್ರಾಯೇಲೇ ಕೇಳು, ದೇವರು ಒಬ್ಬನೇ ಅನ್ನುವುದು. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದು ಅಂತ ಕೇಳಿದಾಗ ಯೇಸುಸ್ವಾಮಿ ಮೊದಲು ಹೇಳಿದ್ದೂ ಇದನ್ನೇ. ಕಾಕಾ ದಿನಕ್ಕೆ ಐದು ಸಲ ಕೇಳುವ ಬಾಂಗಿನಲ್ಲಿ ಇರುವುದೂ ಇದೇ. ಅಲ್ಲಿಂದ ಮುಂದೆ ದಾರಿ ಬೇರೆ. ಯೇಸು ದೇವರ ಮಗ, ನಮಗಾಗಿ ಸತ್ತು ಎದ್ದು ಬಂದ ಅಂತ ನಾವು. ಕಾಕಾನವರಿಗೆ ಅವರು ಈಸಾ, ದೊಡ್ಡ ಪ್ರವಾದಿ. ಮಸೀಹ, ಅಂದರೆ ಮೆಸ್ಸೀಯ, ಅನ್ನುವ ಹೆಸರೂ ಕುರ್‌ಆನಿನಲ್ಲಿದೆ, ಕನ್ಯೆ ಮರ್ಯಮಳಿಗೆ ಹುಟ್ಟಿದ್ದೂ ಇದೆ, ಅವಳ ಹೆಸರಿನ ಒಂದು ಅಧ್ಯಾಯವೇ ಇದೆ. ದೇವರ ಮಗ ಅನ್ನುವುದನ್ನು ಮಾತ್ರ ಅವರು ಒಪ್ಪುವುದಿಲ್ಲ, ಶಿಲುಬೆಯ ಸಾವನ್ನೂ ಒಪ್ಪುವುದಿಲ್ಲ. ಯೆಹೂದ್ಯರಿಗೆ ಮೆಸ್ಸೀಯ, ಅಂದರೆ ದೇವರು ಕಳಿಸುವ ರಕ್ಷಕ, ಇನ್ನೂ ಬರಬೇಕು. ಇವು ಸಣ್ಣ ಭೇದಗಳಲ್ಲ. ನನ್ನ ಜೀವ ನಿಂತಿರೋದು ಆ ಶಿಲುಬೆಯ ಮೇಲೆ. ಅದನ್ನು ಒಪ್ಪದ ಮನುಷ್ಯ ಮೂವತ್ತು ವರ್ಷ ನನ್ನ ನೂಲಿಗೆ ಬಣ್ಣ ಹಾಕಿದ್ದಾನೆ. ನಿನ್ನ ಅಜ್ಜಿಯ ಹೆಣಕ್ಕೆ ಹೆಗಲು ಕೊಟ್ಟಿದ್ದಾನೆ. ಎರಡೂ ನಿಜ. ಆ ರಾತ್ರಿ ನಾನು ಒಂದನ್ನು ಹಿಡಿದು ಇನ್ನೊಂದನ್ನು ಮರೆತೆ.

ಅಲ್ಲಿಯ ಅಡುಗೆಮನೆಯಲ್ಲಿ ಎರಡು ಸಿಂಕು ಇದೆ, ಎರಡು ಸೆಟ್ ಪಾತ್ರೆ ಇದೆ, ತಪ್ಪಿ ಬೆರೆಸಿಬಿಡ್ತೀನಿ ಅಂತ ಭಯ ಆಗುತ್ತೆ ಅಂದಿದ್ದೆ. ಭಯ ಬೇಡ. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬಾರದು ಅಂತ ವಿಮೋಚನಕಾಂಡದಲ್ಲಿದೆ. ಆ ಒಂದು ಮಾತಿನಿಂದಲೇ ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ ಆದದ್ದು. ಅಂಥ ಆಜ್ಞೆಗಳು ಅವರಿಗೆ 613 ಅಂತೆ. ನಮ್ಮ ಓಣಿಯಲ್ಲೂ ಮಡಿಪಾತ್ರೆ ಬೇರೆ ಇಡುವ ಮನೆಗಳಿವೆ, ನೀನು ಅವರ ಬಾವಿಯ ಹತ್ತಿರ ಎಷ್ಟು ಹುಷಾರಾಗಿ ಇರುತ್ತಿದ್ದೆ, ಹಾಗೇ ಇರು. ಅವ್ವ ಕಟ್ಟಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಅವರ ಪಾತ್ರೆಗೆ ಹಾಕುವ ಮೊದಲು ಕೇಳು. ಅಲ್ಲಿಯವರೆಗೆ ನಿನ್ನ ಡಬ್ಬಿಯಲ್ಲೇ ಇರಲಿ. ಶುಕ್ರವಾರ ಸಂಜೆ ಸಬ್ಬತ್ ಶುರುವಾದ ಮೇಲೆ ಅವರು ಬೆಂಕಿ ಹೊತ್ತಿಸುವುದಿಲ್ಲ. ಯೆರೂಸಲೇಮಿನಲ್ಲಿ ಸೂರ್ಯ ಮುಳುಗುವ 40 ನಿಮಿಷ ಮೊದಲೇ ದೀಪ ಹಚ್ಚುವ ರೂಢಿಯಂತೆ. ಹಿಂದೆ ಕೊಂಕಣದ ಊರುಗಳಲ್ಲಿ ಇದ್ದ ಯೆಹೂದ್ಯರು ಹೆಚ್ಚಾಗಿ ಎಣ್ಣೆ ಗಾಣದವರು. ಶನಿವಾರ ಗಾಣ ಹೂಡುತ್ತಿರಲಿಲ್ಲ, ಹಾಗಾಗಿ ಸುತ್ತಲಿನವರು ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು, ಅಂತಲೇ ಕರೆಯುತ್ತಿದ್ದರು. ಘಟ್ಟ ಇಳಿದರೆ ಕೊಂಕಣ. ನಾವು ಅವರನ್ನು ಯಾವುದೋ ದೂರದ ಜನ ಅಂದುಕೊಂಡಿದ್ದೆವು.

ಬೆಳಿಗ್ಗೆ ಅಜ್ಜಿ ಸಣ್ಣ ಪುಸ್ತಕ ಹಿಡಿದು ಮೆಲ್ಲಗೆ ಓದುತ್ತಾ ಕೂರುತ್ತಾರೆ ಅಂದೆ. ಕೀರ್ತನೆಗಳೇ ಇರಬೇಕು. 121ನೇ ಕೀರ್ತನೆ ಕಷ್ಟ ಬಂದಾಗ ಅವರು ಹೇಳಿಕೊಳ್ಳುತ್ತಾರೆ, ನಾವೂ ಹೇಳಿಕೊಳ್ಳುತ್ತೇವೆ. ಬೆಟ್ಟಗಳ ಕಡೆ ಕಣ್ಣೆತ್ತಿ ನೋಡುವ ಕೀರ್ತನೆ. ನೀನು ಹೋದ ಮೇಲೆ ನಮ್ಮ ಗುಡ್ಡದ ಕೆಂಪು ಬಂಡೆ ನೋಡುತ್ತಾ ದಿನಾ ಹೇಳುತ್ತಿದ್ದೇನೆ. ಅವರ ಭಾಷೆಯಲ್ಲಿ ಅದು ಹೇಗೆ ಕೇಳಿಸುತ್ತದೆ ಅಂತ ಒಮ್ಮೆ ಕೇಳಿ ಹೇಳು.

ನನ್ನ ಭಯದ ಬಗ್ಗೆ ಬರೆಯದೆ ಹೋದರೆ ಈ ಕಾಗದ ಸುಳ್ಳಾಗುತ್ತದೆ. 2023ರ ಅಕ್ಟೋಬರ್ 7ರಂದು ಅಲ್ಲಿ ಸತ್ತವರಲ್ಲಿ ಹೊಟ್ಟೆಪಾಡಿಗೆ ಹೋದ ಹೊರದೇಶದವರೂ ಇದ್ದರು, ವಯಸ್ಸಾದವರನ್ನು ನೋಡಿಕೊಳ್ಳುವ ನಿನ್ನಂಥವರೂ ಇದ್ದರು. ಆಮೇಲೆ ಗಾಜಾದಲ್ಲಿ ಸತ್ತ ಸಾವಿರಾರು ಮಕ್ಕಳನ್ನು ಟೀವಿಯಲ್ಲಿ ನೋಡಿ ಕಾಕಾ ಊಟ ಬಿಟ್ಟು ಎದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೀನು ಆ ನಡುವೆ ಹೋಗಿ ಕೂತಿದ್ದೀಯ. ಮನೆಯಲ್ಲಿ ಕಾಂಕ್ರೀಟಿನ ಗಟ್ಟಿ ಕೋಣೆ ಇದೆ, ಸೈರನ್ ಆದರೆ ಅಜ್ಜಿಯನ್ನು ಕರಕೊಂಡು ಅಲ್ಲಿಗೆ ಓಡಬೇಕು ಅಂತ ನೀನು ನಗುತ್ತಾ ಹೇಳಿದೆ. ಅವ್ವನೂ ನಕ್ಕಳು. ಫೋನ್ ಇಟ್ಟ ಮೇಲೆ ಹಿತ್ತಲಿಗೆ ಹೋದಳು, ಒಳಗೆ ಬರಲು ತುಂಬಾ ಹೊತ್ತಾಯಿತು. ಆ ಕೋಣೆಯ ಬಾಗಿಲು ಯಾವ ಕಡೆ ತೆರೆಯುತ್ತದೆ, ಅಜ್ಜಿಯ ಮಂಚದಿಂದ ಎಷ್ಟು ಹೆಜ್ಜೆ, ರಾತ್ರಿ ದೀಪ ಇಲ್ಲದೆ ಹೋಗಲು ಬರುತ್ತದಾ, ಎಲ್ಲ ಅಭ್ಯಾಸ ಮಾಡಿಕೋ. ಚಪ್ಪಲಿ ಮಂಚದ ಹತ್ತಿರವೇ ಇಟ್ಟುಕೋ. ಇಷ್ಟು ನನ್ನ ಮಾತು ಕೇಳು, ಉಳಿದದ್ದು ಬಿಟ್ಟರೂ ಚಿಂತೆಯಿಲ್ಲ.

ನೀನು ಯಾಕೆ ಹೋದೆ ಅಂತ ನನಗೆ ಗೊತ್ತು. ಮಗ್ಗದ ಸಾಲ, ಅವ್ವನ ಆಪರೇಷನ್ನಿನ ಸಾಲ. ನಾಲ್ಕು ಲಕ್ಷ. ನಾನು ಕೈಯೊಡ್ಡಿ ಮಾಡಿದ ಸಾಲಕ್ಕೆ ನೀನು ಸಮುದ್ರ ದಾಟಿದೆ. ಅಬ್ರಹಾಮನಿಗೆ ದೇವರು ಕೇಳಿದ್ದರು. ನನಗೆ ದೇವರು ಕೇಳಲಿಲ್ಲ ತಾಯಿ. ಆದರೂ ನಿನ್ನನ್ನು ಕಳಿಸಿದೆ. ಹೋಗ್ತೀಯಾ, ನಿನಗೆ ಇಷ್ಟ ಇದೆಯಾ, ಭಯ ಆಗುತ್ತಾ ಅಂತ ಒಂದು ಮಾತು ಕೇಳಲಿಲ್ಲ. ನೀನೇ ಬಂದು ಹೋಗ್ತೀನಿ ಅಂದಾಗ ನನಗೆ ಒಳಗೊಳಗೆ ನಿರಾಳ ಆಯ್ತು. ಇದನ್ನು ಬರೆಯಲು ಕೈ ನಡುಗುತ್ತಿದೆ, ಆದರೂ ಬರೆದೆ. ಆ ನಾಚಿಕೆಯೇ ಆ ರಾತ್ರಿ ಸಿಟ್ಟಾಗಿ ಹೊರಗೆ ಬಂತು. ಅಜ್ಜಿಯ ಮೇಲೆ, ಕಾಕಾ ಮೇಲೆ, ನಿನ್ನ ಮೇಲೆ.

ಯೆರೂಸಲೇಮಿನ ಹಳೇ ಪಟ್ಟಣಕ್ಕೆ ರಜೆ ಸಿಕ್ಕಾಗ ಹೋಗು, ಊರು ಶಾಂತ ಇದ್ದರೆ ಮಾತ್ರ. ಕೋಟೆಯೊಳಗಿನ ಊರು ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಅಬ್ರಹಾಮ ಮಗನನ್ನು ಕಟ್ಟಿದ ಬಂಡೆ ಅಲ್ಲೇ ಇದೆ ಅಂತ ಯೆಹೂದ್ಯರು ನಂಬುತ್ತಾರೆ. ಅವರ ದೇವಾಲಯ ಇದ್ದದ್ದೂ ಅದೇ ಗುಡ್ಡದ ಮೇಲೆ. ರೋಮಿನವರು ಕ್ರಿ.ಶ. 70ರಲ್ಲಿ ಅದನ್ನು ಕೆಡವಿದರು. ಆ ಗುಡ್ಡದ ಸುತ್ತಲಿನ ಗೋಡೆಯ ಒಂದು ಭಾಗದ ಮುಂದೆ ನಿಂತು ಇವತ್ತಿಗೂ ಅಳುತ್ತಾರೆ, ಪ್ರಾರ್ಥಿಸುತ್ತಾರೆ. ಬಂಡೆಯ ಮೇಲೆ ಚಿನ್ನದ ಗುಮ್ಮಟ ಇದೆಯಲ್ಲ, ಅದು ಮುಸ್ಲಿಮರು 691ರ ಸುಮಾರಿಗೆ ಕಟ್ಟಿದ್ದು. ಪ್ರವಾದಿ ಅಲ್ಲಿಂದ ಸ್ವರ್ಗಕ್ಕೆ ಏರಿದರು ಅಂತ ಅವರ ನಂಬಿಕೆ. ಮೊದಮೊದಲು ಮುಸ್ಲಿಮರು ನಮಾಜಿಗೆ ಮುಖ ಮಾಡುತ್ತಿದ್ದದ್ದೂ ಯೆರೂಸಲೇಮಿನ ಕಡೆಗೇ, ಆಮೇಲೆ ಮಕ್ಕಾದ ಕಡೆಗೆ ತಿರುಗಿದರು. ಅಲ್ಲಿಂದ ಸ್ವಲ್ಪ ನಡೆದರೆ ನಮ್ಮ ಸ್ವಾಮಿಯ ಸಮಾಧಿಯ ದೇವಾಲಯ. ಅದರ ಬಾಗಿಲ ಕೀಲಿಕೈ ಎಷ್ಟೋ ನೂರು ವರ್ಷದಿಂದ ಒಂದು ಮುಸ್ಲಿಂ ಮನೆತನದ ಹತ್ತಿರ ಇದೆ. ಬಾಗಿಲು ತೆರೆಯುವುದು ಇನ್ನೊಂದು ಮುಸ್ಲಿಂ ಮನೆತನ. ಒಳಗಿನ ಕ್ರೈಸ್ತ ಪಂಗಡಗಳು ಒಬ್ಬರನ್ನೊಬ್ಬರು ನಂಬದೆ ಜಗಳವಾಡುವುದರಿಂದ ಆ ವ್ಯವಸ್ಥೆ ಉಳಿದುಕೊಂಡು ಬಂದಿದೆ. ಇದನ್ನು ಕಾಕಾಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಡುಗಿ ಅಲ್ಲಿಗೆ ಹೋದರೆ ಆ ಬಂಡೆ ದೂರದಿಂದಾದರೂ ನೋಡಿ ನನ್ನ ಹೆಸರಲ್ಲಿ ಸಲಾಂ ಹೇಳಲಿ ಅಂದರು. ಗುಮ್ಮಟದ ಒಳಗೆ ನಿನ್ನನ್ನು ಬಿಡುವುದಿಲ್ಲ, ಹೊರಗೆ ನಿಂತೇ ಹೇಳು. ಅಜ್ಜಿಯ ಭಾಷೆಯಲ್ಲೂ ಅದು ಶಾಲೋಮ್. ಎರಡೂ ಒಂದೇ ಬೇರಿನ ಮಾತು, ಸಮಾಧಾನ ಅಂತ ಅರ್ಥ.

ಆದಿಕಾಂಡ 25ರಲ್ಲಿ ಅಬ್ರಹಾಮ ಸತ್ತಾಗ ಇಸಾಕನೂ ಇಷ್ಮಾಯೇಲನೂ ಇಬ್ಬರೂ ಬಂದು ತಂದೆಯನ್ನು ಗವಿಯಲ್ಲಿ ಹೂಳಿದರು. ಒಬ್ಬನ ಕುತ್ತಿಗೆಗೆ ಅವನು ಚಾಕು ಎತ್ತಿದ್ದ, ಇನ್ನೊಬ್ಬನನ್ನು ಮರುಭೂಮಿಗೆ ಕಳಿಸಿದ್ದ. ಇಬ್ಬರೂ ಬಂದರು. ಮೊನ್ನೆ ರಾತ್ರಿ ಆ ವಾಕ್ಯ ಓದಿ ಮುಂದೆ ಓದಲಾಗದೆ ಪುಸ್ತಕ ಮುಚ್ಚಿದೆ. ನಾನು ಸಾಯುವವರೆಗೆ ಕಾಯಬೇಡ ನೀನು.

ಖಣದ ವಿಷಯ ಹೇಳಲೇಬೇಕು. ಅಜ್ಜಿಗೆ ಕೊಡಲು ಅವ್ವ ನಿನ್ನ ಪೆಟ್ಟಿಗೆಯಲ್ಲಿ ಒಂದು ಖಣ ಇಟ್ಟಿದ್ದಳು, ಕಡುಕೆಂಪು ಮೈ, ಹಸಿರು ಅಂಚು. ನೂಲಿನ ಬಣ್ಣ ಕಾಕಾನದು, ನೇಯ್ಗೆ ನನ್ನದು. ಅಜ್ಜಿ ಶುಕ್ರವಾರ ರಾತ್ರಿ ಮೇಜಿನ ಮೇಲಿನ ಎರಡು ರೊಟ್ಟಿಗೆ ಅದನ್ನೇ ಹೊದಿಸಿದರು ಅಂತ ನೀನು ಅವ್ವನಿಗೆ ಹೇಳಿದಾಗ ನಾನು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆ. ಎರಡು ರೊಟ್ಟಿ ಯಾಕೆ ಗೊತ್ತಾ? ಇಸ್ರಾಯೇಲ್ಯರಿಗೆ ಮರುಭೂಮಿಯಲ್ಲಿ ಆಕಾಶದಿಂದ ಮನ್ನಾ ಅನ್ನುವ ಆಹಾರ ಬೀಳುತ್ತಿದ್ದಾಗ ಸಬ್ಬತ್ತಿಗೆ ಅಂತ ಹಿಂದಿನ ದಿನವೇ ಎರಡು ಪಾಲು ಸಿಗುತ್ತಿತ್ತಲ್ಲ, ಅದರ ನೆನಪಿಗೆ. ಆ ರೊಟ್ಟಿಯ ಮೇಲೆ ಗುಳೇದಗುಡ್ಡದ ಖಣ. ನನಗೆ ಎಷ್ಟು ಹೆಮ್ಮೆ ಆಯ್ತು ಅಂತ ಬರೆಯಲು ಬರುವುದಿಲ್ಲ. ಎದ್ದು ಹೋಗಿ ಕಾಕಾಗೆ ಹೇಳಿ ಬಂದೆ. ಅವರು ಮೂರು ಜನಕ್ಕೆ ಹೇಳಿದರು. ಈಗ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಗೆ ಹೇಳು, ಅದನ್ನು ಮೊದಲ ಸಲ ತೊಳೆಯುವಾಗ ತಣ್ಣೀರಲ್ಲಿ ಉಪ್ಪು ಹಾಕಿ ನೆನೆಸಬೇಕು, ಬಿಸಿಲಿಗೆ ಒಣಹಾಕಬಾರದು.

ಇವತ್ತು ಟ್ರಂಕಿನಿಂದ ಚಾಕು ತೆಗೆದೆ. ರಿಬ್ಬನ್ ಬಣ್ಣ ಮಾಸಿದೆ, ಗಂಟು ಮೂರೂ ಹಾಗೇ ಇವೆ. ಬಿಚ್ಚಲು ನೋಡಿದೆ, ಆಗಲಿಲ್ಲ. ಎಂಟು ವರ್ಷದ ಹುಡುಗಿ ಎಷ್ಟು ಬಿಗಿಯಾಗಿ ಕಟ್ಟಿದ್ದೀಯ. ಕತ್ತರಿಸಲು ಮನಸ್ಸು ಬರಲಿಲ್ಲ. ನೀನು ಬಂದ ಮೇಲೆ ನಿನ್ನ ಕೈಗೇ ಕೊಡುತ್ತೇನೆ, ಏನು ಬೇಕಾದರೂ ಮಾಡು. ಅವತ್ತು ನೀನು ಕೇಳಿದ್ದಕ್ಕೆ ನಾನು ಹೇಳಬೇಕಾಗಿದ್ದ ಉತ್ತರ, ಇಲ್ಲ ತಾಯಿ, ಕೊಡೋದಿಲ್ಲ ಅಂತ. ದೇವರ ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದೆ, ಕೊಡುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ತಡವಾಯ್ತು.

ಈಗ ಕೇಳುತ್ತೇನೆ. ನಿನಗೆ ಅಲ್ಲಿ ಇರಲು ಮನಸ್ಸಿದೆಯಾ? ಭಯ ಆದರೆ ವಾಪಸ್ ಬಾ. ಸಾಲದ ಮಾತು ಬಿಡು, ಎರಡನೇ ಮಗ್ಗ ಮಾರುತ್ತೇನೆ, ಕೊಳ್ಳುವವರನ್ನು ವಿಚಾರಿಸಿಯೂ ಆಗಿದೆ. ಇರುತ್ತೇನೆ ಅಂದರೆ ಇರು. ನೀನು ಏನು ಹೇಳಿದರೂ ಸರಿ, ನಾನು ಎದುರು ಮಾತಾಡುವುದಿಲ್ಲ.

ಶುಕ್ರವಾರ ಸಂಜೆಯಿಂದ ಆ ಮನೆಯಲ್ಲಿ ಫೋನ್ ಬೇಡ ಅಂತ ಅವ್ವ ಹೇಳಿದಳು. ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಅವರ ಸಬ್ಬತ್ ಮುಗಿಯುತ್ತದಂತೆ. ಅಷ್ಟೊತ್ತಿಗೆ ಇಲ್ಲಿ ರಾತ್ರಿ ಒಂಬತ್ತು. ಅವಸರ ಮಾಡಬೇಡ, ಅಜ್ಜಿಗೆ ಊಟ ಕೊಟ್ಟು ಮಲಗಿಸಿದ ಮೇಲೆಯೇ ಮಾಡು. ಅವ್ವನ ನಂಬರಿಗೆ ಬೇಡ, ನನ್ನ ನಂಬರಿಗೆ ಮಾಡು. ನಾನು ಎದ್ದಿರುತ್ತೇನೆ.

ನಿನ್ನ ಅಪ್ಪ
ಗುಳೇದಗುಡ್ಡ